ಬೋರ್ಡ್ ಇಲ್ಲದ ಹಂಪ್

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹೋದ ಜೂನ್‌ನಲ್ಲಿ, ಎರಡನೇ ಸೆಮ್ ಎಕ್ಸಾಮ್ ಹತ್ತಿರ ಬಂದಿದ್ದಾಗ, ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ದೊಡ್ಡಮ್ಮ ಒಂದು ಫೋಟೊ ಹಾಕಿದರು. ಆಸ್ಪತ್ರೆಯ ಮಂಚ, ಪ್ಲಾಸ್ಟರ್ ಹಾಕಿದ ಬಲಗಾಲು, ಮೂಲೆಯಲ್ಲಿ ಅಕ್ಕನ ಅರ್ಧ ಮುಖ. ಕೆಳಗೆ "ವಿಮಾನದಾಗ ಬಿದ್ದಾಳ" ಅಂತ ಇಷ್ಟೇ ಬರೆದಿದ್ದರು. ನಾನು ಹಿಂದೆ ಮುಂದೆ ನೋಡದೆ ಟೈಪ್ ಮಾಡಿದೆ: "ಆಕಾಶದಾಗ ಜಾರಿ ಬಿದ್ದ ಮೊದಲ ಮಸ್ಕಿಯಾಕಿ ನೀನೇ ಅಕ್ಕಾ!" ಜೊತೆಗೆ ನಾಲ್ಕು ನಗುವ ಇಮೋಜಿ. ಮಾವ ಎರಡು ಇಮೋಜಿ ಸೇರಿಸಿದರು. ಕಸಿನ್‌ಗಳೆಲ್ಲ ನಕ್ಕರು. ಅಕ್ಕ ಮರುದಿನ ಬರೀ ಒಂದು ಥಂಬ್ಸ್ ಅಪ್ ಹಾಕಿದಳು. ನಾನು ಅದನ್ನು ಮರೆತು ಎಂ-ಟು ಓದಲು ಕೂತೆ.

ಅಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕಲ್ಲ. ಅವರ ಮನೆ ಮಸ್ಕಿಯಲ್ಲಿ, ನಮ್ಮದು ಸಿಂಧನೂರಿನಲ್ಲಿ. ಅವಳು ಕ್ಯಾಬಿನ್ ಕ್ರೂ ಆಗಿ ಐದು ವರ್ಷ ಆಯಿತು. ಕೆಲಸ ಸಿಕ್ಕಾಗ ಊರಲ್ಲಿ ಅರ್ಧ ಜನ ಹೆಮ್ಮೆಪಟ್ಟರು, ಇನ್ನರ್ಧ ಜನ "ಅಲ್ಲಿ ಚಹಾ ಕೊಡೋ ಕೆಲಸಂತ" ಅಂದರು. ಪೇಪರಿನವರು ಈ ಕೆಲಸಕ್ಕೆ 'ಗಗನಸಖಿ' ಅಂತ ಹೆಸರಿಟ್ಟಿದ್ದಾರೆ. ಕೇಳಲು ಏನೋ ಭಾವಗೀತೆ ಇದ್ದಂಗೆ ಇದೆ. ಆದರೆ ಆ ಪದ ಕೇಳಿದರೆ ನಮಗೆ ಲಿಪ್‌ಸ್ಟಿಕ್, ನಗು, ಟ್ರಾಲಿ ಬ್ಯಾಗ್ ನೆನಪಾಗುತ್ತೆ. ಮುರಿದ ಕಾಲು ನೆನಪಾಗಲ್ಲ. ನಮ್ಮ ಮಸ್ಕಿ ಇತಿಹಾಸದಲ್ಲಿ ಫೇಮಸ್ ಆಗಿದ್ದು ಯಾಕೆ ಗೊತ್ತಲ್ಲ? 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ 'ದೇವಾನಾಂಪ್ರಿಯ' ಅನ್ನೋ ಬಿರುದಿನ ಜೊತೆಗೆ 'ಅಶೋಕ' ಅನ್ನೋ ಹೆಸರೂ ಇತ್ತು. ಬಿರುದಿನ ಹಿಂದೆ ಇದ್ದ ಮನುಷ್ಯ ಯಾರು ಅಂತ ಗೊತ್ತಾಯಿತು. ಅದೇ ಊರಿನ ಹುಡುಗಿ ಒಂದು ಬಿರುದಿನ ಹಿಂದೆ ಕುಂಟುತ್ತಿದ್ದಾಳೆ ಅಂತ ನನಗೆ ಗೊತ್ತಾಗಲು ಒಂದು ಬಸ್ ಪ್ರಯಾಣ ಬೇಕಾಯಿತು.

ರಜೆಗೆ ಊರಿಗೆ ಹೋದಾಗ ಅಮ್ಮ ಡ್ಯೂಟಿ ಹಾಕಿದಳು. ಅಕ್ಕನ ಪ್ಲಾಸ್ಟರ್ ಬಿಚ್ಚಿದ್ದಾರೆ, ಫಿಸಿಯೊಥೆರಪಿ ನಡೀತಿದೆ, ಪರಿಚಯದ ಡಾಕ್ಟರ್ ಲಿಂಗಸುಗೂರಿನಲ್ಲಿ ಇದ್ದಾರೆ. ದೊಡ್ಡಪ್ಪನಿಗೆ ಅಂಗಡಿ ಬಿಟ್ಟು ಹೋಗಲು ಆಗಲ್ಲ. "ನಿನಗೇನ್ ಕೆಲಸ? ಮೊಬೈಲ್ ನೋಡೋದು ಬಿಟ್ಟು ಅಕ್ಕನ ಜೋಡಿ ಹೋಗು." ಹಾಗಾಗಿ ವಾರಕ್ಕೆ ಮೂರು ದಿನ ಸಿಂಧನೂರಿನಲ್ಲಿ ಬಸ್ ಹತ್ತಿ, ಮಸ್ಕಿಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು, ಲಿಂಗಸುಗೂರಿಗೆ. ಮೂರೂ ಊರು ಒಂದೇ ಹೆದ್ದಾರಿ 150ಎ ಮೇಲೆ ಇವೆ, ಒಟ್ಟು ಐವತ್ತೈದು ಕಿಲೋಮೀಟರ್ ಆಜೂಬಾಜು. ಆಗಷ್ಟೇ ಕಾಲುವೆಗೆ ನೀರು ಬಿಡೋ ಮಾತು ನಡೆದಿತ್ತು, ಬಸ್ಸಿನ ತುಂಬ ಸಸಿಮಡಿ, ಗೊಬ್ಬರದ್ದೇ ಸುದ್ದಿ.

ಮೊದಲ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಕ್ಕನ ಕೈಯಲ್ಲಿ ಕೋಲು ನೋಡಿ ಒಬ್ಬ ಅಜ್ಜಿ ಸರಿದು ಕೂರಿಸಿಕೊಂಡಳು. ಅದು ಹಿಂದಿನಿಂದ ಎರಡನೇ ಸೀಟು. ಅಕ್ಕ ತಕ್ಷಣ, "ಇಲ್ಲಿ ಬ್ಯಾಡ, ನಡುವಿಗೆ ಹೋಗೋಣು" ಅಂದಳು. ನನಗೆ ಸ್ವಲ್ಪ ಸಿಟ್ಟು ಬಂತು. ಸಿಕ್ಕಿದ ಸೀಟು ಬಿಟ್ಟು ಇವಳಿಗೇನು ನಖರಾ? ಆಮೇಲೆ ಮುಂದೆ ಯಾರೋ ಇಳಿದರು, ನಡುವಿನ ಸೀಟು ಸಿಕ್ಕಿತು.

ಕಂಡಕ್ಟರ್ ಬಂದರು. ಅಕ್ಕ ಆಧಾರ್ ತೋರಿಸಿ ಶಕ್ತಿ ಯೋಜನೆಯ ಜೀರೋ ಟಿಕೆಟ್ ತಗೊಂಡಳು, ನಾನು ದುಡ್ಡು ಕೊಟ್ಟೆ. ನಾನು ಚಿಲ್ಲರೆ ನೋಡುತ್ತಿದ್ದೆ, ಅಕ್ಕ ಕಂಡಕ್ಟರ್ ಕಾಲು ನೋಡುತ್ತಿದ್ದಳು. ಅವರು ಎರಡೂ ಕಾಲು ಅಗಲಿಸಿ, ಸೊಂಟವನ್ನು ಸೀಟಿನ ಪೈಪಿಗೆ ಒತ್ತಿ ನಿಂತಿದ್ದರು. ಎರಡೂ ಕೈಯಲ್ಲಿ ಮಷಿನ್ ಮತ್ತು ದುಡ್ಡು, ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಊರು ಬರುವ ಮೊದಲು ಟಿಕೆಟ್ ಕೊಡುವುದು ನಿಲ್ಲಿಸಿ ಮೇಲಿನ ರಾಡ್ ಹಿಡಿದರು. ಎರಡು ಸೆಕೆಂಡ್ ಆದ ಮೇಲೆ ಹಂಪ್ ಬಂತು. ನಾವೆಲ್ಲ ಕೂತಲ್ಲೇ ಕುಣಿದೆವು, ಅವರು ಅಲ್ಲಾಡಲಿಲ್ಲ.

"ಹಂಪ್ ಬರೋದು ಹೆಂಗ ಗೊತ್ತಾಗ್ತದ್ರಿ ಅಣ್ಣಾರ?" ಅಂತ ಅಕ್ಕ ಕೇಳಿದಳು.

"ಹದಿನಾರು ವರ್ಷ ಆತಲ್ರಿ ಅಕ್ಕಾರ ಈ ರೋಡಿಗೆ. ರೋಡ್ ಬಾಯಿಪಾಠ ಆಗೇತಿ. ಡ್ರೈವರ್ ಕಾಲ್ ಎತ್ತಿದ್ರ ಗಾಡಿ ಸೌಂಡಿನಾಗ ತಿಳೀತೈತಿ. ಆದ್ರೂ ಅಡ್ಡ ಎಮ್ಮಿ ಬಂದ್ರ ಏನ್ ಮಾಡಾಕಾಗ್ತೈತ್ರಿ? ಎರಡು ಸಲ ಬಿದ್ದೀನಿ. ಮೊಣಕಾಲು ಎರಡೂ ಹೋಗ್ಯಾವ." ಆಮೇಲೆ ಕೋಲು ನೋಡಿ, "ನಿಮಗೇನಾತ್ರಿ?" ಅಂದರು.

"ನಾನೂ ಕಂಡಕ್ಟರ್ ಇದ್ದಂಗ ರೀ. ವಿಮಾನದಾಗ. ನಿಂತಾಗ ಬಿದ್ದೆ."

ಅವರು ನಗಲಿಲ್ಲ. ನನ್ನ ಹಾಗೆ ಜೋಕೂ ಮಾಡಲಿಲ್ಲ. ಸ್ವಲ್ಪ ಯೋಚನೆ ಮಾಡಿ ಕೇಳಿದರು: "ಅಲ್ಲೆ ಹಂಪ್ ಎಲ್ಲಿರ್ತಾವ್ರಿ?"

"ಇರ್ತಾವ ಅಣ್ಣಾರ. ಬೋರ್ಡ್ ಇರಂಗಿಲ್ಲ ಅಷ್ಟ."

ಈ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಅವತ್ತು ಫಿಸಿಯೊಥೆರಪಿ ಮುಗಿದ ಮೇಲೆ ಲಿಂಗಸುಗೂರು ಬಸ್ ಸ್ಟ್ಯಾಂಡ್ ಹತ್ತಿರ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತ ಏನಾಯಿತು ಅಂತ ಮೊದಲ ಸಲ ಕೇಳಿದೆ. ಎರಡು ತಿಂಗಳಾಗಿತ್ತು. ಅಲ್ಲಿವರೆಗೆ ಮನೆಯಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ.

"ಇಳಿಯೋಕ ಇನ್ನ ಅರ್ಧ ತಾಸು ಇತ್ತು. ಮುಂದ ಮೋಡ ಅಂತ ಕ್ಯಾಪ್ಟನ್ ಸೀಟ್ ಬೆಲ್ಟ್ ಸೈನ್ ಹಾಕಿದ್ರು. ಟ್ರಾಲಿ ಒಳಗ ಇಟ್ಟು ಲಾಕ್ ಮಾಡಿದ್ವಿ. ಇನ್ನ ಎಲ್ಲರೂ ಬೆಲ್ಟ್ ಹಾಕ್ಯಾರೇನು ನೋಡಿ ನಾನೂ ಕುಂದರಬೇಕು. ಅಷ್ಟರಾಗ ಹಿಂದಿನ ಸಾಲಿನ್ಯಾಗ ಒಬ್ಬ ಹುಡುಗ ಎದ್ದು ನಿಂತು ಮ್ಯಾಲಿನ ಬಾಕ್ಸ್ ತೆಗೆದ. ಪವರ್ ಬ್ಯಾಂಕ್ ಬೇಕಾಗಿತ್ತಂತ. ನಿನ್ನಷ್ಟ ವಯಸ್ಸು. 'ಸರ್ ಪ್ಲೀಸ್ ಕುಂದರ್ರಿ' ಅನ್ಕೋಂತ ಹೋದೆ. ಅವನ್ನ ಕುಂದರಿಸಿದೆ. ತಿರುಗಬೇಕು ಅನ್ನೋದ್ರಾಗ ಕಾಲ ಕೆಳಗ ನೆಲಾನ ಇಲ್ಲ."

ಮೇಲೆ ಹೋಗಿದ್ದು ಅವಳಿಗೆ ನೆನಪಿಲ್ಲ. ಕೆಳಗೆ ಬಂದಿದ್ದು ನೆನಪಿದೆ. ಬಲಗಾಲು ಸೀಟಿನ ಬುಡಕ್ಕೆ ಸಿಕ್ಕು ಮಡಚಿತು. ಸೌಂಡ್ ಕೇಳಿಸಿತಂತೆ. ಪಕ್ಕದವರು ಅವಳನ್ನು ಎಳೆದು ಖಾಲಿ ಸೀಟಿಗೆ ಕೂರಿಸಿದರು. ಆದರೆ ಇಳಿಯುವಾಗ ಅವಳು ತನ್ನ ಜಂಪ್ ಸೀಟಿಗೇ ಹೋದಳು, ಇನ್ನೊಬ್ಬ ಸಹೋದ್ಯೋಗಿ ಹೆಗಲು ಹಿಡಿದು. ಯಾಕೆ ಅಂದೆ. "ಆ ಬಾಗಿಲು ನಂದಲಾ. ಏನರ ಆದ್ರ ತೆರೆಯೋರು ಯಾರು?"

ನನಗೆ ಅಲ್ಲಿವರೆಗೆ ಇದು ಗೊತ್ತೇ ಇರಲಿಲ್ಲ. ಹೊಸ ಮಾದರಿಯ ವಿಮಾನಕ್ಕೆ ಸರ್ಟಿಫಿಕೇಟ್ ಕೊಡುವಾಗ, ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರನ್ನೂ ಹೊರಗೆ ಕಳಿಸಬಹುದು ಅಂತ ತೋರಿಸಬೇಕು. ಕ್ಯಾಬಿನ್ ಕ್ರೂ ಇರುವುದು ಮುಖ್ಯವಾಗಿ ಅದಕ್ಕೆ. ಚಹಾ ಆಮೇಲಿನ ಮಾತು. ಬಾಗಿಲು ತೆರೆಯಬೇಕಾದವರ ಕಾಲೇ ಮುರಿದರೆ ಅದು ಅವರೊಬ್ಬರ ಕಾಲಲ್ಲ, ನಮ್ಮೆಲ್ಲರ ಬಾಗಿಲು.

"ಆ ಹುಡುಗ?" ಅಂತ ಕೇಳಿದೆ. "ಅವನಿಗೇನೂ ಆಗಲಿಲ್ಲ ಬಿಡು. ಕುಂತಿದ್ನಲ್ಲ. ಇಳಿಯುವಾಗ 'ಥ್ಯಾಂಕ್ಯೂ ಮ್ಯಾಮ್' ಅಂದ. ನಾನೂ ಕುಂತಲ್ಲೇ ಥ್ಯಾಂಕ್ಯೂ ಅಂದೆ."

ಮಿರ್ಚಿ ಗಂಟಲಲ್ಲಿ ನಿಂತಿತು. ಯಾಕಂದರೆ ಅದೇ ಮಾರ್ಚ್‌ನಲ್ಲಿ ನಾನು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದೆ. ಟೀಮ್ ಜೊತೆ ಕಾಂಪಿಟಿಷನ್‌ಗೆ ಬೆಂಗಳೂರಿನಿಂದ ದೆಹಲಿಗೆ. ಸೈನ್ ಉರಿಯುತ್ತಿತ್ತು. ಕಿಟಕಿ ಸೀಟಿನ ಗೆಳೆಯನ ಮೇಲೆ ಬಗ್ಗಿ ರೆಕ್ಕೆಯ ಫೋಟೊ ತೆಗೆಯಲು ಬೆಲ್ಟ್ ಬಿಚ್ಚಿ ಎದ್ದಿದ್ದೆ. ಕ್ರೂ ಒಬ್ಬರು ಹಿಂದಿನಿಂದ ನಡೆದು ಬಂದು "ಸರ್, ಪ್ಲೀಸ್" ಅಂದರು. ಕೂತೆ. ಅವರು ಹೋದ ಮೇಲೆ ನಾವು ಮೂವರು ಅವರ ಇಂಗ್ಲಿಷ್ ಆಕ್ಸೆಂಟ್ ಮಿಮಿಕ್ರಿ ಮಾಡಿ ನಕ್ಕೆವು. ಅವತ್ತು ಗಾಳಿ ಸುಮ್ಮನಿತ್ತು, ಅಷ್ಟೇ. ಇಲ್ಲದಿದ್ದರೆ ಆ ಫೋಟೊಕ್ಕೆ ಯಾರದೋ ಮನೆಯ ಅಕ್ಕ ಬೆಲೆ ಕೊಡುತ್ತಿದ್ದಳು.

ಅಕ್ಕನಿಗೆ ಇದನ್ನು ಅವತ್ತು ಹೇಳಲಿಲ್ಲ. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ, ಎಂಜಿನಿಯರಿಂಗ್ ಹುಡುಗರು ಮಾಡುವ ಕೆಲಸವನ್ನೇ ಮಾಡಿದೆ. ಲೆಕ್ಕ ಹಾಕಲು ಕೂತೆ.

2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟ ಸಿಂಗಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 321 ವಿಮಾನ ಮ್ಯಾನ್ಮಾರ್ ಮೇಲೆ, 37,000 ಅಡಿ ಎತ್ತರದಲ್ಲಿ, ಭಾರಿ ಟರ್ಬ್ಯುಲೆನ್ಸ್‌ಗೆ ಸಿಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಜನಕ್ಕೆ ಗಾಯ ಆಯಿತು, ವಿಮಾನ ಬ್ಯಾಂಕಾಕ್‌ನಲ್ಲಿ ಇಳಿಯಿತು. ಸಿಂಗಪುರದ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಪ್ರಕಾರ ಒಳಗಿನವರ ಮೇಲಿನ ಬಲ 0.6 ಸೆಕೆಂಡಿನಲ್ಲಿ +1.35 ಜಿ ಯಿಂದ −1.5 ಜಿ ಗೆ ಹೋಯಿತು. ಆಮೇಲೆ 4 ಸೆಕೆಂಡಿನೊಳಗೆ ಮತ್ತೆ +1.5 ಜಿ. ಈ ಮಧ್ಯೆ ವಿಮಾನ ಇಳಿದಿದ್ದು 178 ಅಡಿ.

−1.5 ಜಿ ಅಂದರೆ ಏನು? ಬೆಲ್ಟ್ ಇಲ್ಲದವನು ಮೇಲೆ ಹಾರುವುದಿಲ್ಲ. ಅವನು ಎಲ್ಲರ ಹಾಗೆ 1 ಜಿ ಯಲ್ಲಿ ಬೀಳುತ್ತಿರುತ್ತಾನೆ, ವಿಮಾನ ಅವನಿಗಿಂತ ಜೋರಾಗಿ ಕೆಳಗೆ ಹೋಗುತ್ತೆ. ಒಳಗಿನಿಂದ ನೋಡಿದರೆ ಅವನು ಸೀಲಿಂಗ್ ಕಡೆ 1.5 ಜಿ ವೇಗೋತ್ಕರ್ಷದಲ್ಲಿ ಏರಿದಂಗೆ. ತಲೆಗೂ ಸೀಲಿಂಗಿಗೂ ಅರ್ಧ ಮೀಟರ್ ಜಾಗ ಇದೆ ಅಂತಿಟ್ಟುಕೊಳ್ಳಿ. ಎಸ್ ಈಕ್ವಲ್ಸ್ ಹಾಫ್ ಎ ಟಿ ಸ್ಕ್ವೇರ್. ಉತ್ತರ ಸುಮಾರು ಕಾಲು ಸೆಕೆಂಡ್. ಕಾಲು ಸೆಕೆಂಡಿನಲ್ಲಿ ಏನು ಹಿಡಿದುಕೊಳ್ಳುತ್ತೀರಿ? "ಅಮ್ಮಾ" ಅನ್ನಲೂ ಟೈಮ್ ಸಾಲಲ್ಲ. ಆಮೇಲೆ ವಿಮಾನ ಮತ್ತೆ ಮೇಲೆ ಎದ್ದಾಗ ಕೆಳಗೆ ಬರುವವನನ್ನು ನೆಲವೇ ಎದುರು ಬಂದು ಹೊಡೆಯುತ್ತೆ. ಅಕ್ಕನ ಕಾಲು ಮುರಿದಿದ್ದು ಆ ಎರಡನೇ ಭಾಗದಲ್ಲಿ.

ಮುಂದೆ ಬೋರ್ಡ್ ಯಾಕಿಲ್ಲ ಅಂತಾನೂ ಓದಿದೆ. ವಿಮಾನದ ಹವಾಮಾನ ರೇಡಾರ್ ನೋಡುವುದು ಮೋಡದೊಳಗಿನ ನೀರ ಹನಿಗಳನ್ನ. ಮೋಡವೇ ಇಲ್ಲದ ಕಡೆ, ಜೆಟ್ ಸ್ಟ್ರೀಮ್ ಅಂಚಿನಲ್ಲಿ ಬೇರೆ ಬೇರೆ ವೇಗದ ಗಾಳಿಗಳು ಉಜ್ಜುವಾಗ ಏಳುವ ಸುಳಿ ಅದಕ್ಕೆ ಕಾಣಲ್ಲ. ಇದಕ್ಕೆ ಕ್ಲಿಯರ್ ಏರ್ ಟರ್ಬ್ಯುಲೆನ್ಸ್ ಅನ್ನುತ್ತಾರೆ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉತ್ತರ ಅಟ್ಲಾಂಟಿಕ್ ಮೇಲೆ ತೀವ್ರವಾದ ಇಂಥ ಟರ್ಬ್ಯುಲೆನ್ಸ್ 1979ರಿಂದ 2020ರೊಳಗೆ 55 ಪರ್ಸೆಂಟ್ ಜಾಸ್ತಿ ಆಗಿದೆ. ಭೂಮಿ ಬಿಸಿಯಾದಂತೆ ಮೇಲೆ ಹಂಪ್ ಹೆಚ್ಚುತ್ತಿವೆ.

ಅಕ್ಕ ಬಸ್ಸಿನಲ್ಲಿ ಹಿಂದಿನ ಸೀಟು ಯಾಕೆ ಬೇಡ ಅಂದಳು ಅನ್ನೋದೂ ಆಗ ಹೊಳೆಯಿತು. ಬಸ್ಸಿನ ಹಿಂದಿನ ಸೀಟು ಹಿಂದಿನ ಚಕ್ರ ದಾಟಿ ಹೊರಗೆ ಚಾಚಿರುತ್ತೆ, ಅದಕ್ಕೇ ಅಲ್ಲಿ ಕೂತವರು ಜಾಸ್ತಿ ಕುಣಿಯುತ್ತಾರೆ. ವಿಮಾನವೂ ತನ್ನ ಸೆಂಟರ್ ಆಫ್ ಗ್ರಾವಿಟಿ ಸುತ್ತ ಮೂಗು ಎತ್ತಿ ಇಳಿಸಿ ತೂಗುವಾಗ ಬಾಲ ಜಾಸ್ತಿ ಓಡಾಡುತ್ತೆ. ಬಾಲದಲ್ಲೇ ಹಿಂದಿನ ಗ್ಯಾಲಿ ಇದೆ. ಅಂದರೆ ಅಡುಗೆಮನೆ, ಬಿಸಿನೀರು, ಟ್ರಾಲಿ, ಮತ್ತು ನಿಂತು ಕೆಲಸ ಮಾಡುವವರು. ತುಂಬಿದ ಟ್ರಾಲಿ ನಮ್ಮ ಸಿಂಧನೂರಿನ ಇಪ್ಪತ್ತೈದು ಕೆಜಿ ಅಕ್ಕಿ ಚೀಲ ಮೂರ್ನಾಲ್ಕು ಸೇರಿಸಿದಷ್ಟು ಭಾರ ಅಂತ ಅಕ್ಕ ಹೇಳಿದ್ದಳು. ಅದೂ ಗಾಳಿಗೆ ಎದ್ದು ಬೀಳುತ್ತೆ.

ಕೊನೆಯ ಲೆಕ್ಕ ನನ್ನನ್ನು ಸುಮ್ಮನಾಗಿಸಿತು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ಅಂಕಿ: 2009ರಿಂದ 2022ರವರೆಗೆ ಟರ್ಬ್ಯುಲೆನ್ಸ್‌ನಿಂದ ಗಂಭೀರ ಗಾಯ ಆದವರು 163 ಜನ. ಅದರಲ್ಲಿ ಪ್ರಯಾಣಿಕರು 34, ಸಿಬ್ಬಂದಿ 129. ಒಂದು ವಿಮಾನದಲ್ಲಿ ನೂರೆಂಬತ್ತು ಪ್ರಯಾಣಿಕರಿದ್ದರೆ ಕ್ಯಾಬಿನ್ ಕ್ರೂ ಇರೋದು ನಾಲ್ಕೈದು ಜನ. ಆದರೂ ಐದರಲ್ಲಿ ನಾಲ್ಕು ಪಾಲಿನ ಹತ್ತಿರ ಪೆಟ್ಟು ಅವರಿಗೇ. ನಮ್ಮ ದೇಶದಲ್ಲೂ 2022ರ ಮೇ 1ರಂದು ಮುಂಬೈಯಿಂದ ದುರ್ಗಾಪುರಕ್ಕೆ ಹೊರಟ ಸ್ಪೈಸ್‌ಜೆಟ್‌ನ ಬೋಯಿಂಗ್ 737 ಇಳಿಯುವಾಗ ಇದೇ ಥರ ಸಿಕ್ಕಿಬಿತ್ತು. ಗಾಯ ಆದವರು 14 ಪ್ರಯಾಣಿಕರು, 3 ಕ್ಯಾಬಿನ್ ಸಿಬ್ಬಂದಿ. ಹದಿನಾಲ್ಕು ದೊಡ್ಡದಾಗಿ ಕಾಣುತ್ತೆ. ಇದ್ದ ನಾಲ್ಕೈದು ಜನರಲ್ಲಿ ಮೂರು ಅಂದಾಗ ಯಾವುದು ದೊಡ್ಡದು ಅಂತ ನೀವೇ ಹೇಳಿ.

ಪರಿಹಾರ ಇಲ್ಲ ಅಂತೇನಿಲ್ಲ. ಎಸ್‌ಕ್ಯೂ 321 ಆದ ಮೇಲೆ ಸಿಂಗಪುರ್ ಏರ್‌ಲೈನ್ಸ್ ಸೈನ್ ಉರಿಯುವಾಗ ಊಟವನ್ನೂ ಬಿಸಿ ಪಾನೀಯವನ್ನೂ ಕೊಡುವುದು ನಿಲ್ಲಿಸಿತು. ಕೊರಿಯನ್ ಏರ್ 2024ರ ಜುಲೈಯಿಂದ ಇಳಿಯುವ 40 ನಿಮಿಷ ಮೊದಲೇ ಸೇವೆ ಮುಗಿಸತೊಡಗಿತು, ಮೊದಲು ಅದು 20 ನಿಮಿಷ ಇತ್ತು. ಅದೇ ಆಗಸ್ಟ್‌ನಲ್ಲಿ ಇಕಾನಮಿ ಕ್ಲಾಸಿನಲ್ಲಿ ಬಿಸಿ ಕಪ್ ನೂಡಲ್ಸ್ ಕೊಡುವುದನ್ನೂ ಬಿಟ್ಟಿತು. ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2021ರಲ್ಲೇ, ಇಳಿಯುವ ಹೊತ್ತಿನಲ್ಲಿ ಸಿಬ್ಬಂದಿಯನ್ನು ಬೇಗ ಕೂರಿಸಬೇಕು ಅಂತ ಹೇಳಿದೆ. ಆದರೆ ಅವರು ಕೂರಬೇಕಾದರೆ ಮೊದಲು ನಾವು ಕೂತಿರಬೇಕು. ಇದಕ್ಕೆ ಯಾವ ಟೆಕ್ನಾಲಜಿಯೂ ಬೇಡ.

ಕಾಲಿನ ನೋವಿಗಿಂತ ಅಕ್ಕನನ್ನು ಕಾಡಿದ್ದು ಬೇರೆ. ಹಾರಿದ ಗಂಟೆಗೆ ಭತ್ಯೆ, ಹಾರದಿದ್ದರೆ ಬರೀ ಬೇಸಿಕ್. ಮೆಡಿಕಲ್ ಫಿಟ್ ಆಗದಿದ್ದರೆ ಕೆಲಸವೇ ಇಲ್ಲ. ದೊಡ್ಡಪ್ಪನ ಮನೆ ಸಾಲದ ಕಂತು ಅವಳೇ ಕಟ್ಟುವುದು. ಕೊನೆಯ ಸಲ ಲಿಂಗಸುಗೂರಿನಿಂದ ಬರುವಾಗ ನಾನು ಧೈರ್ಯ ಮಾಡಿ ಮಾರ್ಚ್‌ನ ಕಥೆ ಹೇಳಿದೆ. ಬೆಲ್ಟ್ ಬಿಚ್ಚಿದ್ದು, ಫೋಟೊ, ಮಿಮಿಕ್ರಿ, ಎಲ್ಲ. ವಾಟ್ಸಾಪ್ ಜೋಕಿಗೂ ಸಾರಿ ಅಂದೆ. ಬೈತಾಳೆ ಅಂದುಕೊಂಡಿದ್ದೆ. ಅವಳು ಕಿಟಕಿ ಹೊರಗೆ ನೋಡಿ, "ಆ ಹುಡುಗನ ಮ್ಯಾಲ ನನಗ ಸಿಟ್ಟಿಲ್ಲ. ಅವನಿಗ್ಯಾರೂ ಹೇಳಿರಂಗಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನಗ ಈಗ ಗೊತ್ತಾತಲಾ. ನಾಲ್ಕ ಮಂದಿಗೆ ಹೇಳು" ಅಂದಳು.

ನಿಮ್ಮ ಮುಂದೆ ಹೇಳುತ್ತಿರುವುದು ಅದಕ್ಕೇ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ತಪ್ಪಿದ್ದರೆ ಕನ್ನಡ ಸಂಘದವರು ತಿದ್ದಲಿ. ಆದರೆ ಈ ಮಾತು ಮನೆ ಭಾಷೆಯಲ್ಲೇ ಬರೆಯಬೇಕು ಅನ್ನಿಸಿತು. ನಮ್ಮಲ್ಲಿ ಎಷ್ಟೋ ಜನ ಇಂಟರ್ನ್‌ಶಿಪ್, ಇಂಟರ್‌ವ್ಯೂ ಅಂತ ಇದೇ ವರ್ಷ ಮೊದಲ ಸಲ ವಿಮಾನ ಹತ್ತುತ್ತೀರಿ. ಕೂತಿರುವಷ್ಟು ಹೊತ್ತೂ ಬೆಲ್ಟ್ ಹಾಕಿರಿ, ಸೈನ್ ಇರಲಿ ಬಿಡಲಿ. ಸೈನ್ ಉರಿಯುವಾಗ ನೀರಿಗೆ, ಚಾರ್ಜರಿಗೆ ಬೆಲ್ ಒತ್ತಬೇಡಿ. ಬಸ್ಸಿನಲ್ಲೂ ಅಷ್ಟೇ, ಕಂಡಕ್ಟರ್ ಬರುವ ಮೊದಲೇ ಚಿಲ್ಲರೆ ಕೈಯಲ್ಲಿ ಹಿಡಿದಿರಿ. ಅವರಿಗೆ ರಾಡ್ ಹಿಡಿಯಲು ಎರಡು ಸೆಕೆಂಡ್ ಸಿಗಲಿ.

ಅಕ್ಟೋಬರ್‌ನಲ್ಲಿ ಅಕ್ಕ ಮೆಡಿಕಲ್ ಪಾಸಾದಳು. ಮೊದಲ ಫ್ಲೈಟಿನ ದಿನ ಗ್ರೂಪಿಗೆ ಯೂನಿಫಾರ್ಮಿನಲ್ಲಿ ಒಂದು ಫೋಟೊ ಹಾಕಿದಳು, ಎರಡೂ ಕಾಲ ಮೇಲೆ ನಿಂತಿದ್ದು. ಈ ಸಲ ನಾನು ಇಮೋಜಿ ಹಾಕಲಿಲ್ಲ. "ಹುಷಾರ್ ಅಕ್ಕಾ, ಬೆಲ್ಟ್ ಹಾಕ್ಕೋ" ಅಂತ ಬರೆದೆ.

ಒಂದು ನಿಮಿಷದಲ್ಲಿ ರಿಪ್ಲೈ ಬಂತು: "ನೀ ಹಾಕ್ಕೋಲೇ. ನೀ ಹಾಕ್ಕೊಂಡ್ರ ನಾ ಕುಂದರ್ತೀನಿ."